ಪಾಸ್ತಾ ತೂಗುವುದು ಯಾವಾಗ, ಬೇಯಿಸುವ ಮೊದಲಾ, ಬೆಂದ ಮೇಲಾ?

ಮಂಡಕ್ಕಿ ಮೆಣಸಿನಕಾಯಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಾನು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಬೆಳಗ್ಗೆ ಕೂತರೆ ಸಂಜೆಯವರೆಗೂ ಕುರ್ಚಿ. ಶುಗರ್ ಗಡಿಯಲ್ಲಿದೆ, ತೂಕ ಇಳಿಸಲೇಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಹಾಗಾಗಿ ಫೋನಿನಲ್ಲಿ ಕ್ಯಾಲರಿ ಲೆಕ್ಕದ ಆ್ಯಪ್ ಹಾಕಿಕೊಂಡಿದ್ದೇನೆ, ಅಡುಗೆಮನೆಗೆ ಡಿಜಿಟಲ್ ತೂಕದ ಮಷೀನ್ ಬಂದಿದೆ. ರೊಟ್ಟಿ, ಚಪಾತಿ, ಪಲ್ಯದ ಲೆಕ್ಕ ಕೈಗೆ ಹತ್ತಿದೆ. ಪಾಸ್ತಾ ಮಾತ್ರ ಟ್ಯಾಲಿ ಆಗುತ್ತಿಲ್ಲ.

ಮಗಳು ಪಿಯುಸಿ ಓದುತ್ತಿದ್ದಾಳೆ. ಅವಳಿಗೆ ವಾರದಲ್ಲಿ ಒಂದೆರಡು ಸಲ ಪಾಸ್ತಾ ಬೇಕೇ ಬೇಕು. ಹೆಚ್ಚಾಗಿ ಕೊಳವೆಯಂಥ ಪೆನ್ನೆ, ಒಮ್ಮೊಮ್ಮೆ ಉದ್ದ ಎಳೆಯ ಸ್ಪಗೆಟಿ. ಅವಳಿಗೆ ಅದು, ನನಗೆ ಬೇರೆ ಅಂತ ಎರಡೆರಡು ಅಡುಗೆ ಮಾಡುವ ತ್ರಾಣ ಸಂಜೆ ಹೊತ್ತಿಗೆ ನನಗಿರುವುದಿಲ್ಲ. ಎಲ್ಲರಿಗೂ ಅದೇ.

ಈಗ ಲೆಕ್ಕ ನೋಡಿ. ನನ್ನ ತಟ್ಟೆಗೆ ಬೆಂದ ಪೆನ್ನೆ 150 ಗ್ರಾಂ ಹಾಕಿಕೊಳ್ಳುತ್ತೇನೆ. ಆ್ಯಪ್‌ನಲ್ಲಿ ಪಾಸ್ತಾ ಅಂತ ಹುಡುಕಿದರೆ ಒಂದು ಕಡೆ 100 ಗ್ರಾಂಗೆ 371 ಕ್ಯಾಲರಿ, ಇನ್ನೊಂದು ಕಡೆ 158. ಮೊದಲನೆಯದು ಒತ್ತಿದರೆ ನನ್ನ ತಟ್ಟೆ 557. ಎರಡನೆಯದು ಒತ್ತಿದರೆ 237. ಒಂದೇ ತಟ್ಟೆ, ಮಧ್ಯೆ 320 ಕ್ಯಾಲರಿ ವ್ಯತ್ಯಾಸ! ಪ್ಯಾಕೆಟ್ ಮೇಲೆ ಮೂರನೆಯ ಸಂಖ್ಯೆ, 357. ನಮ್ಮ ಅಂಗಡಿಯ ಪುಸ್ತಕದಲ್ಲಿ ಹೀಗೆ ಬಂದರೆ ಅವತ್ತು ಯಾರೂ ಮನೆಗೆ ಹೋಗುವ ಹಾಗಿಲ್ಲ.

ಇದರ ಮೇಲೆ ನಮ್ಮತ್ತೆಯವರ ಹದ ಬೇರೆ. ಮಗಳಿಗೂ ನನಗೂ ಪಾಸ್ತಾ ಸ್ವಲ್ಪ ಗಟ್ಟಿ ಇರಬೇಕು. ಅತ್ತೆಗೆ ಹಲ್ಲಿನ ತೊಂದರೆ, ಬೆಣ್ಣೆ ಹಾಗೆ ಬೇಯಬೇಕು. ಹಾಗಾಗಿ ನಮ್ಮಿಬ್ಬರದ್ದು ಮೊದಲು ಎತ್ತಿಕೊಂಡು, ಅವರದ್ದನ್ನು ಅದೇ ನೀರಿನಲ್ಲಿ ಇನ್ನೂ ಬೇಯಲು ಬಿಡುತ್ತೇನೆ. ಒಂದೇ ಪಾತ್ರೆಯಲ್ಲಿ ಎರಡು ತರದ ಪಾಸ್ತಾ. ಇದಕ್ಕೆ ಲೆಕ್ಕ ಹೇಗೆ ಹಾಕುವುದು?

ಸ್ಪಗೆಟಿಗೆ ತೂತುಗಳಿರುವ ಒಂದು ಅಳತೆ ಪಟ್ಟಿ ಆನ್‌ಲೈನ್‌ನಲ್ಲಿ ನೋಡಿದೆ. ತಗೊಳ್ಳಬಹುದಾ ಅಂತಲೂ ಹೇಳಿ.


ಗ್ರಾಂ ಗುಂಡ, ಬೆಂಗಳೂರು:

ಮೇಡಂ, ಒಣಗಿದ್ದಾಗ ತೂಗಿ. ಪ್ಯಾಕೆಟ್ ಮೇಲಿನ 357 ನೋಡಿ ಗುಣಿಸಿ. ಮುಗೀತು. 371 ಒಣ ಪಾಸ್ತಾದ್ದು, 158 ಬೆಂದದ್ದು. ಬೆಂದದ್ದನ್ನು ತೂಗಿ ಒಣ ಪಾಸ್ತಾದ ಸಂಖ್ಯೆ ಹಾಕಿದರೆ ಯಾವ ಡಯಟ್ಟೂ ನಿಲ್ಲುವುದಿಲ್ಲ. ನಮ್ಮ ಜಿಮ್‌ನಲ್ಲಿ ಹೊಸಬರು ಬಂದಾಗಲೆಲ್ಲ ಇದೇ ಪ್ರಶ್ನೆ.

ತೂಗುವಾಗ ಬಟ್ಟಲು ಕೂಡ ಕೊಳೆ ಮಾಡಬೇಕಿಲ್ಲ. ಪ್ಯಾಕೆಟ್ಟನ್ನೇ ಮಷೀನ್ ಮೇಲೆ ನಿಲ್ಲಿಸಿ ಸೊನ್ನೆ ಒತ್ತಿ. ಅದರಿಂದ ಪಾಸ್ತಾ ತೆಗೆದು ಪಾತ್ರೆಗೆ ಹಾಕುತ್ತಾ ಹೋಗಿ. ಮಷೀನ್ ಮೈನಸ್ 70 ತೋರಿಸಿದರೆ 70 ಗ್ರಾಂ ಹೊರಗೆ ಬಂದಿದೆ ಅಂತ ಅರ್ಥ.


ಮಂಡಕ್ಕಿ ಮೆಣಸಿನಕಾಯಿ:

ಮೈನಸ್ ಉಪಾಯ ಚೆನ್ನಾಗಿದೆ ಗುಂಡ ಅವರೇ. ಆದರೆ ನನ್ನೊಬ್ಬಳದ್ದೇ ಬೇಯಿಸುವುದಾದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ. ನಮ್ಮನೆಯಲ್ಲಿ 300 ಗ್ರಾಂ ಒಟ್ಟಿಗೆ ಬೀಳುತ್ತದೆ. ಅದರಲ್ಲಿ ನನ್ನ 70 ಗ್ರಾಂ ಯಾವುದು ಅಂತ ಬೆಂದ ಮೇಲೆ ಹೇಗೆ ಗುರುತು ಹಿಡಿಯಲಿ?


ಹೊಸಪೇಟೆ ಟು ಟೊರಿನೊ:

ಅಕ್ಕಾ, ನಮಸ್ಕಾರ. ನಾನಿರುವುದು ಪಾಸ್ತಾದ ತವರಿನಲ್ಲೇ, ಇಟಲಿಯ ಟೊರಿನೊದಲ್ಲಿ. ಓದಲು ಬಂದವನು ಇಲ್ಲೇ ಕೆಲಸ ಹಿಡಿದೆ. ಇಲ್ಲಿ ಮನೆಮನೆಯಲ್ಲೂ ತೂಗುವುದು ಒಣಗಿದ್ದಾಗಲೇ. ಅಡುಗೆಗೆ ಮೊದಲು ಕೇಳುವ ಪ್ರಶ್ನೆಯೇ ಎಷ್ಟು ಜನ ಅಂತ. ಆಮೇಲೆ ತಲೆಗೆ 80 ಗ್ರಾಂ ಲೆಕ್ಕದಲ್ಲಿ ತೂಗಿ ಹಾಕುತ್ತಾರೆ. ಇಲ್ಲಿನ ಪೌಷ್ಟಿಕಾಂಶ ತಜ್ಞರು ಒಂದು ಪಾಲು ಅಂತ ಇಟ್ಟಿರುವುದೂ ಅದೇ 80. ಸೂಪಿಗೆ ಹಾಕುವುದಾದರೆ ಅದರ ಅರ್ಧ. ಹಸಿವು ಜಾಸ್ತಿ ಇರುವ ಹುಡುಗರು 100 ಹಾಕಿಕೊಳ್ಳುತ್ತಾರೆ, ಅದು ಬೇರೆ ಮಾತು.

ಅಮೆರಿಕದ ಪ್ಯಾಕೆಟ್‌ಗಳಲ್ಲಿ ಒಂದು ಪಾಲು 56 ಗ್ರಾಂ, ಅಂದರೆ 2 ಔನ್ಸ್. ಆದ್ದರಿಂದ ಆ್ಯಪ್‌ನಲ್ಲಿ 'ಒಂದು ಸರ್ವಿಂಗ್' ಅಂತ ಇದ್ದರೆ ಅದನ್ನು ಒತ್ತಲೇಬೇಡಿ. ಯಾವ ದೇಶದವರು ತುಂಬಿಸಿದ ಸರ್ವಿಂಗೋ ಯಾರಿಗೆ ಗೊತ್ತು. ಗ್ರಾಂ ಹಾಕಿ.

ಸ್ಪಗೆಟಿ ಪಟ್ಟಿಗೆ ದುಡ್ಡು ಹಾಕಬೇಡಿ. ನನ್ನ ರೂಮಿನಲ್ಲೂ ಒಂದು ಬಿದ್ದಿದೆ, ಮರದ್ದು. ಒಬ್ಬರಿಗೆ, ಇಬ್ಬರಿಗೆ ಅಂತ ತೂತುಗಳು. ಆದರೆ ಆ ಒಬ್ಬರಿಗೆ 56 ಗ್ರಾಮಾ, 80 ಗ್ರಾಮಾ, 100 ಗ್ರಾಮಾ ಅಂತ ಅದರ ಮೇಲೆ ಎಲ್ಲೂ ಬರೆದಿಲ್ಲ. ಅಮೆರಿಕದಲ್ಲಿ ಕ್ವಾರ್ಟರ್, ಅಂದರೆ ಕಾಲು ಡಾಲರ್ ನಾಣ್ಯದಷ್ಟು ಅಗಲದ ಹಿಡಿ ಅಂದರೆ ಒಂದು ಪಾಲು ಅಂತ ಹೇಳುವ ರೂಢಿಯಿದೆ. ಅದರಲ್ಲೂ ಇದೇ ಕಥೆ. ಕಟ್ಟನ್ನು ಬಿಗಿಯಾಗಿ ಹಿಡಿದರೆ ಜಾಸ್ತಿ ಎಳೆ ಹಿಡಿಯುತ್ತದೆ, ಸಡಿಲ ಬಿಟ್ಟರೆ ಕಡಿಮೆ. ಅಗಲ ಬರೀ ಶೇ. 10ರಷ್ಟು ಹೆಚ್ಚಾದರೆ ಎಳೆಗಳು ಶೇ. 21ರಷ್ಟು ಹೆಚ್ಚಾಗುತ್ತವೆ, ಯಾಕೆಂದರೆ ವೃತ್ತದ ಒಳಗಿನ ಜಾಗ ಅಗಲದ ವರ್ಗಕ್ಕೆ ತಕ್ಕ ಹಾಗೆ ಬೆಳೆಯುತ್ತದೆ. ಮಗಳು ಸೈನ್ಸ್ ಆಗಿದ್ದರೆ ಅವಳನ್ನೇ ಕೇಳಿ. ನಿಮ್ಮ ಹತ್ತಿರ ಮಷೀನ್ ಇರುವಾಗ ಈ ತೂತಿನ ಸಹವಾಸ ಯಾಕೆ?


ಪದ್ದಕ್ಕ, ಮೈಸೂರು:

ನಾನು ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಮಂಡಕ್ಕಿಯವರ ಪ್ರಶ್ನೆ ನೋಡಿ ಹಳೆಯ ಹುರುಪು ಬಂತು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಾಸ್ತಾ ಬೇಯುವಾಗ ಒಳಗೆ ಹೋಗುವುದು ನೀರು. ನೀರಿಗೆ ಕ್ಯಾಲರಿ ಇಲ್ಲ. ಬಸಿದ ನೀರಿನಲ್ಲಿ ಒಂದಿಷ್ಟು ಪಿಷ್ಟ ಹೊರಟುಹೋಗುತ್ತದೆ, ಅದಕ್ಕೇ ಆ ನೀರು ಗಂಜಿಯ ಹಾಗೆ ಮಸುಕಾಗಿರುತ್ತದೆ. ಮನೆಯ ಲೆಕ್ಕದಲ್ಲಿ ಅದನ್ನು ಬಿಟ್ಟುಬಿಡಿ. ಹಾಗಾಗಿ 300 ಗ್ರಾಂ ಒಣ ಪಾಸ್ತಾದಲ್ಲಿ ಇದ್ದ ಕ್ಯಾಲರಿಯೇ ಬೆಂದ ರಾಶಿಯಲ್ಲೂ ಇರುತ್ತದೆ. ತೂಕ ಮಾತ್ರ ಎರಡು ಪಟ್ಟೋ ಎರಡೂವರೆ ಪಟ್ಟೋ ಆಗಿರುತ್ತದೆ. ಎಷ್ಟು ಪಟ್ಟು ಅನ್ನುವುದು ಎಷ್ಟು ಹೊತ್ತು ಬೇಯಿಸಿದಿರಿ ಎನ್ನುವುದರ ಮೇಲಿದೆ. ಗಟ್ಟಿ ಹದಕ್ಕೆ ಎರಡರ ಹತ್ತಿರ, ಮೆತ್ತಗಾದರೆ ಎರಡೂವರೆಯ ಹತ್ತಿರ.

ಆ್ಯಪ್‌ನ 371 ಮತ್ತು 158 ಎರಡೂ ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯವು. 371ನ್ನು 158ರಿಂದ ಭಾಗಿಸಿ, 2.35 ಬರುತ್ತದೆ. ಅವರು ತೂಗಿದ ಪಾಸ್ತಾ ಅಷ್ಟು ಪಟ್ಟು ಉಬ್ಬಿತ್ತು ಅಂತ ಲೆಕ್ಕ. ನಿಮ್ಮ ಒಲೆ, ನಿಮ್ಮ ಪೆನ್ನೆ, ನಿಮ್ಮತ್ತೆಯವರ ಹದ ಅವರಿಗೆ ಗೊತ್ತಿಲ್ಲ.

ಒಣ ಪಾಸ್ತಾದ ಸಂಖ್ಯೆಯನ್ನು ಯಾಕೆ ನಂಬಬಹುದು ಅಂದರೆ, ಅದರಲ್ಲಿ ನೀರು ತೀರಾ ಕಡಿಮೆ. ಕಾರ್ಖಾನೆಯಲ್ಲಿ ಒಣಗಿಸಿಯೇ ಕಳಿಸುತ್ತಾರೆ. ಇಟಲಿಯ ಕಾನೂನಿನ ಪ್ರಕಾರ ಒಣ ಪಾಸ್ತಾದಲ್ಲಿ ತೇವ ಶೇ. 12.5 ಮೀರುವ ಹಾಗಿಲ್ಲ, ಮತ್ತು ಅದನ್ನು ಡ್ಯೂರಂ ಎಂಬ ಗಟ್ಟಿ ಗೋಧಿಯ ರವೆಯಿಂದಲೇ ಮಾಡಬೇಕು. ಈ ಗೋಧಿಯ ನಿಯಮ 1967ರಿಂದ ಇದೆ. ಹಾಗಾಗಿ ಯಾವ ಕಂಪನಿಯ ಒಣ ಪಾಸ್ತಾ ತೆಗೆದುಕೊಂಡರೂ 100 ಗ್ರಾಂಗೆ ಹೆಚ್ಚುಕಡಿಮೆ 350ರಿಂದ 370ರ ಆಸುಪಾಸಿನಲ್ಲಿ ಬರುತ್ತದೆ. ನಿಮ್ಮ ಪ್ಯಾಕೆಟ್ಟಿನ 357 ಸರಿಯೇ ಅಂತ ನೀವೇ ನೋಡಬಹುದು. ಹಿಂದೆ ತಿರುಗಿಸಿ. ಪ್ರೊಟೀನ್ 12, ಕಾರ್ಬೋಹೈಡ್ರೇಟ್ 74, ಕೊಬ್ಬು 1.5 ಅಂತ ಆಸುಪಾಸಿನಲ್ಲಿ ಇರಬೇಕು. ಮೊದಲೆರಡನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿಸಿ. 48, 296, 13.5. ಒಟ್ಟು 357.5. ಟ್ಯಾಲಿ ಆಯ್ತಲ್ಲ?

ಈಗ ನಿಮ್ಮ ನಿಜವಾದ ಪ್ರಶ್ನೆ. ಒಟ್ಟಿಗೆ ಬೇಯಿಸಿದಾಗ ಮೂರು ತೂಕ ಸಾಕು. ಒಣಗಿದ್ದಾಗ ಒಟ್ಟು ಎಷ್ಟು, ಬಸಿದ ಮೇಲೆ ಒಟ್ಟು ಎಷ್ಟು, ನಿಮ್ಮ ತಟ್ಟೆಗೆ ಎಷ್ಟು. 300 ಗ್ರಾಂ ಹಾಕಿದ್ದು ಬಸಿದ ಮೇಲೆ 660 ಆಯಿತು ಅಂದುಕೊಳ್ಳಿ. ನೀವು 154 ತೆಗೆದುಕೊಂಡಿರಿ. 154ನ್ನು 300ರಿಂದ ಗುಣಿಸಿ 660ರಿಂದ ಭಾಗಿಸಿದರೆ ಸರಿಯಾಗಿ 70. ಅಂದರೆ ನಿಮ್ಮ ತಟ್ಟೆಯಲ್ಲಿರುವುದು 70 ಗ್ರಾಂ ಒಣ ಪಾಸ್ತಾ, ಸುಮಾರು 250 ಕ್ಯಾಲರಿ. ಆ್ಯಪ್‌ನಲ್ಲಿ ಒಣ ಪಾಸ್ತಾ 70 ಅಂತ ಹಾಕಿ, ಬೆಂದದ್ದರ ಕಡೆ ತಿರುಗಿಯೂ ನೋಡಬೇಡಿ.

ಅತ್ತೆಯವರ ಪಾಲಿಗೆ ಸುಲಭದ ದಾರಿ ಅಂದರೆ ಅವರದ್ದನ್ನು ಚಿಕ್ಕ ಪಾತ್ರೆಯಲ್ಲಿ ಬೇರೆ ಬೇಯಿಸುವುದು. ಬೇರೆ ಒಲೆ ಖಾಲಿ ಇಲ್ಲ ಅಂದರೆ ಒಂದು ಭಾನುವಾರ 100 ಗ್ರಾಂ ಹಾಕಿ ನಿಮ್ಮ ಹದಕ್ಕೆ ಎಷ್ಟಾಗುತ್ತದೆ, ಅವರ ಹದಕ್ಕೆ ಎಷ್ಟಾಗುತ್ತದೆ ಅಂತ ತೂಗಿ ಬರೆದಿಡಿ. ಅದೇ ಕಂಪನಿ, ಅದೇ ಆಕಾರ, ಅಷ್ಟೇ ನಿಮಿಷ ಇರುವ ತನಕ ಆ ಸಂಖ್ಯೆ ನಡೆಯುತ್ತದೆ.

ಒಂದು ಎಚ್ಚರ. ಇದೆಲ್ಲ ಒಣ ಪಾಸ್ತಾದ ಮಾತು. ಫ್ರಿಜ್‌ನಲ್ಲಿಟ್ಟು ಮಾರುವ ತಾಜಾ ಪಾಸ್ತಾದಲ್ಲಿ ನೀರು ಜಾಸ್ತಿ, ಒಣದ್ದಕ್ಕಿಂತ ಕಡಿಮೆ ಉಬ್ಬುತ್ತದೆ. ಮಸಾಲೆ ಪುಡಿ ಜೊತೆಗೆ ಬರುವ ದಿಢೀರ್ ಪಾಸ್ತಾದ ಲೆಕ್ಕವೂ ಬೇರೆ. ಅಲ್ಲಿ ನೀರು ಬಸಿಯುವುದಿಲ್ಲ, ಮಸಾಲೆಯೂ ಸೇರಿರುತ್ತದೆ. ಆ ಎರಡಕ್ಕೂ ಅವುಗಳ ಪ್ಯಾಕೆಟ್ಟೇ ಗತಿ.


ಹಾವೇರಿ ಕಾಕಾ:

ಎಲ್ಲಾ ಓದಿದೆ. ತಂಗಿ, ಬೇಜಾರು ಮಾಡಿಕೊಳ್ಳಬೇಡ, ಒಂದು ಮಾತು ಕೇಳುತ್ತೇನೆ. ಊಟ ಮಾಡಲಿಕ್ಕೆ ಇಷ್ಟು ಲೆಕ್ಕ ಬೇಕಾ? ನಮ್ಮನೆಯಲ್ಲಿ ಒಂದು ಬಟ್ಟಲು ಇದೆ. ಒಂದು ಬಟ್ಟಲು ತುಂಬ ಅಂದರೆ ಒಬ್ಬರಿಗೆ. ನನಗೂ ಶುಗರ್ ಇದೆ, ಆ ಬಟ್ಟಲಿನ ಮೇಲೇ ನಡೆದಿದೆ ಜೀವನ.


ಮಂಡಕ್ಕಿ ಮೆಣಸಿನಕಾಯಿ:

ಕಾಕಾ, ಬೇಜಾರೇನಿಲ್ಲ. ಲೆಕ್ಕ ನನಗೆ ತಲೆನೋವಲ್ಲ, ಹೊಟ್ಟೆಪಾಡು. ಲೆಕ್ಕ ಸಿಗದಿದ್ದರೇ ತಲೆನೋವು.


ಪದ್ದಕ್ಕ, ಮೈಸೂರು:

ಕಾಕಾ ಹೇಳಿದ ಬಟ್ಟಲನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅನ್ನಕ್ಕೆ, ರಾಗಿ ಹಿಟ್ಟಿಗೆ ಬಟ್ಟಲು ಚೆನ್ನಾಗಿಯೇ ನಡೆಯುತ್ತದೆ. ಅಕ್ಕಿಕಾಳು ಚಿಕ್ಕದು, ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ರೀತಿ ತುಂಬಿಕೊಳ್ಳುತ್ತದೆ. ಪಾಸ್ತಾದಲ್ಲಿ ಹಾಗಲ್ಲ. ಪೆನ್ನೆ ಅಂದರೆ ಒಳಗೆ ಟೊಳ್ಳಿರುವ ಕೊಳವೆ, ಬಟ್ಟಲಿನಲ್ಲಿ ಅಡ್ಡಾದಿಡ್ಡಿ ನಿಲ್ಲುತ್ತದೆ. ಸಣ್ಣ ಮ್ಯಾಕರೋನಿ ಸಂದಿಗೊಂದಿಯಲ್ಲೆಲ್ಲ ತೂರಿ ಕೂರುತ್ತದೆ. ಸುರುಳಿ ಸುರುಳಿ ಇರುವ ಫ್ಯೂಸಿಲ್ಲಿ ಮತ್ತೊಂದು ಬಗೆ. ಸ್ಪಗೆಟಿಯನ್ನಂತೂ ಬಟ್ಟಲಿನಲ್ಲಿ ನಿಲ್ಲಿಸುವುದೇ ಆಗುವುದಿಲ್ಲ. ಅಮೆರಿಕದ ಪಾಕವಿಧಾನಗಳಲ್ಲಿ 'ಒಂದು ಕಪ್ ಪಾಸ್ತಾ' ಅಂತ ಬರೆದಿರುತ್ತಾರೆ, ಒಣಗಿದ್ದೋ ಬೆಂದದ್ದೋ ಅಂತ ಎಷ್ಟೋ ಸಲ ಹೇಳಿರುವುದೇ ಇಲ್ಲ. ನನಗೆ ಅದನ್ನು ಕಂಡರೆ ಸಿಟ್ಟು.

ಬಟ್ಟಲೇ ಬೇಕು ಅಂದರೆ ನಿಮ್ಮ ಬಟ್ಟಲಿಗೆ ಪೆನ್ನೆ ತುಂಬಿ ಒಮ್ಮೆ ತೂಗಿ, ಸಂಖ್ಯೆಯನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ. ಮ್ಯಾಕರೋನಿಗೆ ಬೇರೆ ಸಂಖ್ಯೆ. ಕರೆಂಟು, ಬ್ಯಾಟರಿ ಏನೂ ಬೇಡ.


ಮಂಡಕ್ಕಿ ಮೆಣಸಿನಕಾಯಿ:

ಪದ್ದಕ್ಕಾ, ಪ್ರಯೋಗ ಆಯಿತು! ವರದಿ ಒಪ್ಪಿಸುತ್ತಿದ್ದೇನೆ.

ನಮ್ಮ ಮಾಮೂಲಿ ಪೆನ್ನೆ, ಒಣಗಿದ್ದಾಗ ತಲಾ 100 ಗ್ರಾಂನ ಎರಡು ಪಾಲು ಮಾಡಿಕೊಂಡೆ. ಮಗಳು ಗಡಿಯಾರ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಕುದಿಯುವ ನೀರಿಗೆ ಬಿದ್ದ ಕ್ಷಣದಿಂದ 10 ನಿಮಿಷಕ್ಕೆ ತೆಗೆದ ಪಾಲು, ಬಸಿದ ಮೇಲೆ 208 ಗ್ರಾಂ. ಇನ್ನೊಂದನ್ನು 16 ನಿಮಿಷ ಬಿಟ್ಟೆ, 247 ಗ್ರಾಂ. ಎರಡರಲ್ಲೂ ಇರುವುದು 357 ಕ್ಯಾಲರಿಯೇ. ಹಾಗಾಗಿ ಬೆಂದ 100 ಗ್ರಾಂಗೆ ನನ್ನ ಹದದಲ್ಲಿ 172, ಅತ್ತೆಯ ಹದದಲ್ಲಿ 145. ಆ್ಯಪ್‌ನ 158 ನಮ್ಮಿಬ್ಬರ ಮಧ್ಯೆ ನಿಂತಿದೆ. ನನ್ನ 150 ಗ್ರಾಂ ತಟ್ಟೆ 257 ಅಂತಾಯಿತು.

ಅತ್ತೆ ಇದನ್ನೆಲ್ಲ ನೋಡುತ್ತಾ, "ಹಾಗಾದರೆ ಅಷ್ಟೇ ತೂಕ ಹಾಕಿಕೊಂಡರೆ ನನಗೆ ಕಡಿಮೆ ಬರುತ್ತದಲ್ಲ" ಅಂದರು. ಲೆಕ್ಕ ನನಗಿಂತ ಬೇಗ ಹಿಡಿದರು!

ಈಗ ಮುಂದಿನ ತೊಡಕು. ನಾವು ಬರೀ ಬೆಂದ ಪಾಸ್ತಾ ತಿನ್ನುವುದಿಲ್ಲವಲ್ಲ. ಬೆಳ್ಳುಳ್ಳಿ, ಈರುಳ್ಳಿ, ಟೊಮ್ಯಾಟೊ, ದಪ್ಪ ಮೆಣಸಿನಕಾಯಿ, ಚೀಸ್, ಎಲ್ಲ ಬಾಣಲೆಯಲ್ಲಿ ಬೆರೆಯುತ್ತದೆ. ಆಮೇಲೆ ಬಡಿಸುತ್ತೇನೆ. ತಟ್ಟೆಯಲ್ಲಿ ಪಾಸ್ತಾ ಎಷ್ಟು, ಗೊಜ್ಜು ಎಷ್ಟು ಅಂತ ಬೇರೆ ಮಾಡಲಾಗುತ್ತದೆಯೇ?


ಪದ್ದಕ್ಕ, ಮೈಸೂರು:

ಬೇರೆ ಮಾಡುವುದೇ ಬೇಡ. ಬಾಣಲೆಯನ್ನೇ ಒಂದು ಪದಾರ್ಥ ಅಂತ ಇಟ್ಟುಕೊಳ್ಳಿ. ಒಳಗೆ ಹಾಕಿದ ಪ್ರತಿಯೊಂದರ ಕ್ಯಾಲರಿ ಕೂಡಿಸಿ. ಎಲ್ಲ ಆದ ಮೇಲೆ ಬಾಣಲೆ ಸಮೇತ ತೂಗಿ, ಖಾಲಿ ಬಾಣಲೆಯ ತೂಕ ಕಳೆಯಿರಿ. ಒಟ್ಟು ಕ್ಯಾಲರಿಯನ್ನು ಒಟ್ಟು ಗ್ರಾಂನಿಂದ ಭಾಗಿಸಿದರೆ ಒಂದು ಗ್ರಾಂಗೆ ಎಷ್ಟು ಅಂತ ಸಿಗುತ್ತದೆ. ನಿಮ್ಮ ತಟ್ಟೆಯ ಗ್ರಾಂನಿಂದ ಗುಣಿಸಿ. ಬಹಳಷ್ಟು ಆ್ಯಪ್‌ಗಳಲ್ಲಿ ರೆಸಿಪಿ ಅಂತ ಒಂದು ಜಾಗ ಇರುತ್ತದೆ, ಅದು ಮಾಡುವುದೂ ಇದನ್ನೇ.

ಖಾಲಿ ಬಾಣಲೆಯನ್ನು ಇವತ್ತೇ ತೂಗಿ ಫೋನಿನಲ್ಲಿ ಬರೆದಿಡಿ. ಅಡುಗೆ ಮುಗಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ತೂಕದ ಮಷೀನ್ ಒಂದೆರಡು ನಿಮಿಷ ಸುಮ್ನೆ ಇದ್ದರೆ ತಾನೇ ಆಫ್ ಆಗುತ್ತದೆ, ನೀವು ಒತ್ತಿದ ಸೊನ್ನೆಯೂ ಅದರ ಜೊತೆಗೇ ಹೋಗುತ್ತದೆ.

ಬಿಸಿ ಬಾಣಲೆಯನ್ನು ನೇರವಾಗಿ ಮಷೀನ್ ಮೇಲೆ ಇಡಬೇಡಿ. ಒಳಗಿನ ತೂಕದ ಪಟ್ಟಿಗೆ ಶಾಖ ತಗುಲಿದರೆ ಸಂಖ್ಯೆ ಅಲ್ಲಾಡುತ್ತದೆ. ಒಂದು ಮರದ ಹಲಗೆ ಇಟ್ಟು, ಸೊನ್ನೆ ಒತ್ತಿ, ಅದರ ಮೇಲೆ ಇಡಿ. ಮಷೀನ್ ಎಷ್ಟು ಕೆಜಿವರೆಗೆ ತೂಗುತ್ತದೆ ಅಂತಲೂ ಮೊದಲೇ ನೋಡಿಕೊಳ್ಳಿ.


ಗ್ರಾಂ ಗುಂಡ, ಬೆಂಗಳೂರು:

ಒಂದು ಮಾತು ಸೇರಿಸುತ್ತೇನೆ. ಮೇಡಂ ಪಟ್ಟಿಯಲ್ಲಿ ಎಣ್ಣೆಯ ಹೆಸರೇ ಇಲ್ಲ. ಬೆಳ್ಳುಳ್ಳಿ ಏನು ನೀರಿನಲ್ಲಿ ಹುರಿಯುತ್ತೀರಾ?

ಪಾಸ್ತಾದಲ್ಲಿ 10 ಗ್ರಾಂ ಆಚೀಚೆ ಆದರೆ 36 ಕ್ಯಾಲರಿ. ಎಣ್ಣೆಯಲ್ಲಿ 10 ಗ್ರಾಂ ಆಚೀಚೆ ಆದರೆ 90. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಹತ್ತಿರ ಹತ್ತಿರ 120 ಕ್ಯಾಲರಿ, ಅದು 34 ಗ್ರಾಂ ಒಣ ಪಾಸ್ತಾಕ್ಕೆ ಸಮ. ಜನ ಪೆನ್ನೆಯನ್ನು ಒಂದೊಂದಾಗಿ ಎಣಿಸುತ್ತಾರೆ, ಎಣ್ಣೆಯನ್ನು ಬಾಟಲಿಯಿಂದ ಹಾಗೇ ಬಗ್ಗಿಸುತ್ತಾರೆ. ಆಲಿವ್ ಎಣ್ಣೆ ಅಂದರೆ ಹಗುರ ಅಂತ ಬೇರೆ ನಂಬಿಕೆ. ಕಡಲೆಕಾಯಿ ಎಣ್ಣೆಯಲ್ಲಿ ಎಷ್ಟಿದೆಯೋ ಅದರಲ್ಲೂ ಅಷ್ಟೇ ಇದೆ. 'ಲೈಟ್' ಅಂತ ಬರೆದಿದ್ದರೂ ಅದು ರುಚಿ, ಬಣ್ಣದ ಮಾತು.

ಎಣ್ಣೆಗೂ ಅದೇ ಮೈನಸ್ ಉಪಾಯ. ಬಾಟಲಿ ಮಷೀನ್ ಮೇಲಿಟ್ಟು ಸೊನ್ನೆ ಒತ್ತಿ, ಎತ್ತಿ ಬಾಣಲೆಗೆ ಸುರಿಯಿರಿ, ತಿರುಗಿ ಇಡಿ. ಬಾಣಲೆಯನ್ನೇ ಮಷೀನ್ ಮೇಲಿಟ್ಟು ಹನಿ ಹನಿ ಹಾಕಿದರೆ ಕೆಲವು ಮಷೀನ್‌ಗಳು ಅದನ್ನು ಗಮನಿಸುವುದೇ ಇಲ್ಲ. ನಿಧಾನವಾಗಿ ಏರುವ ತೂಕವನ್ನು ಅವು ಸೊನ್ನೆ ಅಂತಲೇ ತೋರಿಸುತ್ತಾ ಕೂರುತ್ತವೆ.


ಮಂಡಕ್ಕಿ ಮೆಣಸಿನಕಾಯಿ:

ಗುಂಡ ಅವರೇ, ನಿಮ್ಮ ಮಾತಿಗೆ ಬಾಟಲಿಯನ್ನೂ ತೂಗಿದೆ. ಯಾವಾಗಲೂ ಹಾಕುವಷ್ಟೇ ಹಾಕಿದೆ, 32 ಗ್ರಾಂ. ಬರೀ ಎಣ್ಣೆಯದ್ದೇ 288 ಕ್ಯಾಲರಿ!

ಪೂರ್ತಿ ಬಾಣಲೆಯ ಲೆಕ್ಕ ಇಲ್ಲಿದೆ. ಪೆನ್ನೆ 300 ಗ್ರಾಂ, 1071. ಎಣ್ಣೆ 288. ಚೀಸ್ 40 ಗ್ರಾಂ, ಪೊಟ್ಟಣದ ಪ್ರಕಾರ 124. ಟೊಮ್ಯಾಟೊ ಅರ್ಧ ಕೆಜಿ, ಸುಮಾರು 100. ಈರುಳ್ಳಿ, ದಪ್ಪ ಮೆಣಸಿನಕಾಯಿ ಸೇರಿ 50. ಒಟ್ಟು 1633. ಬಾಣಲೆಯ ತೂಕ ಕಳೆದು ಅಡುಗೆ 1250 ಗ್ರಾಂ. ಗ್ರಾಂಗೆ 1.3 ಚಿಲ್ಲರೆ. ನನ್ನ ತಟ್ಟೆಗೆ 280 ಗ್ರಾಂ ಹಾಕಿಕೊಂಡೆ, 366 ಕ್ಯಾಲರಿ. ಎಣ್ಣೆ ಅರ್ಧ ಮಾಡಿದರೆ ನನ್ನ ಪಾಲಿಗೆ 32 ಕಡಿಮೆಯಾಗುತ್ತದೆ. ಪಾಸ್ತಾದಲ್ಲಿ ಅಷ್ಟು ಕಡಿಮೆ ಮಾಡಬೇಕಾದರೆ 9 ಗ್ರಾಂ ಬಿಡಬೇಕು. ಎಣ್ಣೆ ಬಿಡುವುದೇ ಸುಲಭ, ಬೆಳ್ಳುಳ್ಳಿ ಜಾಸ್ತಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಮಷೀನ್ ಸರಿಯಾಗಿದೆಯಾ ಅಂತ ನೋಡುವುದು ಹೇಗೆ? ಅಗ್ಗದ್ದು ತಂದಿದ್ದೇನೆ.


ಹೊಸಪೇಟೆ ಟು ಟೊರಿನೊ:

ಅಕ್ಕಾ, ಔಷಧಿ ಅಂಗಡಿಯಲ್ಲಿ ಸಿಗುವ 10 ಎಂಎಲ್ ಸಿರಿಂಜು ತನ್ನಿ. ಸೂಜಿ ಬೇಡ. ಲೋಟ ಇಟ್ಟು ಸೊನ್ನೆ ಒತ್ತಿ, ಸಿರಿಂಜಿನಲ್ಲಿ ನೀರು ತುಂಬಿ ಹಾಕಿ. 10 ಎಂಎಲ್ ನೀರು ಅಂದರೆ 10 ಗ್ರಾಂ. ಐದು ಸಲ ಹಾಕಿದರೆ 50 ತೋರಿಸಬೇಕು. ಒಂದು ಗ್ರಾಂ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಾಣ್ಯ ಇಟ್ಟು ನೋಡಬೇಡಿ, ನಮ್ಮಲ್ಲಿ ಒಂದೇ ಬೆಲೆಯ ನಾಣ್ಯ ಹಳೆಯದು ಒಂದು ತೂಕ, ಹೊಸದು ಒಂದು ತೂಕ. ಮಷೀನ್ ಗಟ್ಟಿ ಕಟ್ಟೆಯ ಮೇಲೆ ಇರಲಿ. ಕೆಳಗೆ ಬಟ್ಟೆ ಹಾಸಬೇಡಿ.


ಪದ್ದಕ್ಕ, ಮೈಸೂರು:

ಮತ್ತೆ ಒಂದೊಂದು ಗ್ರಾಂಗೂ ಒದ್ದಾಡಬೇಡಿ ಮಂಡಕ್ಕಿ. ಪ್ಯಾಕೆಟ್ ಮೇಲಿನ ಸಂಖ್ಯೆಯೇ ಸರಾಸರಿಯದ್ದು. ಅಮೆರಿಕದಲ್ಲಿ ಲೇಬಲ್‌ನಲ್ಲಿ ಬರೆದದ್ದಕ್ಕಿಂತ ಶೇ. 20ರಷ್ಟು ಜಾಸ್ತಿ ಕ್ಯಾಲರಿ ಇದ್ದರೂ ನಿಯಮದ ಒಳಗೇ ಇದ್ದ ಹಾಗೆ. ಪಾಸ್ತಾದಂಥ ಸರಳ ಪದಾರ್ಥದಲ್ಲಿ ಅಷ್ಟೇನೂ ಏರುಪೇರು ಬರುವುದಿಲ್ಲ, ಆದರೂ ಲೆಕ್ಕ ಪೈಸೆವರೆಗೆ ಟ್ಯಾಲಿ ಆಗುವ ಪುಸ್ತಕ ಅಲ್ಲ ಇದು. 5 ಗ್ರಾಂ ಆಚೀಚೆ ಬಿಡಿ. ನೀವು ಕೇಳಿದ 557 ಮತ್ತು 237ರ ನಡುವಿನ ಗೊಂದಲ ಹೋಯಿತಲ್ಲ, ಅದೇ ದೊಡ್ಡದು.


ಮಂಡಕ್ಕಿ ಮೆಣಸಿನಕಾಯಿ:

ಪೈಸೆವರೆಗೆ ಟ್ಯಾಲಿ ಬೇಡ ಅಂತ ನನಗೆ ಹೇಳಿದ ಮೊದಲನೆಯವರು ನೀವು. ಪ್ರಯತ್ನ ಮಾಡುತ್ತೇನೆ.

ಇನ್ನೊಂದೇ ಪ್ರಶ್ನೆ. ರಾತ್ರಿ ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮಾರನೇ ದಿನ ಅಂಗಡಿಗೆ ಬುತ್ತಿ ಕಟ್ಟಿಕೊಳ್ಳುತ್ತೇನೆ. ಬೆಳಗ್ಗೆ ನೋಡಿದರೆ ಪಾಸ್ತಾ ಗೊಜ್ಜನ್ನೆಲ್ಲ ಹೀರಿ ಮುದ್ದೆಯಾಗಿರುತ್ತದೆ. ಸ್ವಲ್ಪ ಹಾಲು ಹಾಕಿ ಬಿಸಿ ಮಾಡುತ್ತೇನೆ. ಆಗ ನಿನ್ನೆಯ 1.3 ಕೆಟ್ಟುಹೋಯಿತು ಅಲ್ವಾ? ತಣ್ಣಗಾದ ಪಾಸ್ತಾದಲ್ಲಿ ಕ್ಯಾಲರಿ ಕಡಿಮೆಯಾಗುತ್ತದೆ ಅಂತ ಯಾರೋ ವಿಡಿಯೊದಲ್ಲಿ ಹೇಳುತ್ತಿದ್ದರು, ನಿಜವಾ?


ಪದ್ದಕ್ಕ, ಮೈಸೂರು:

ಹೀರಿಕೊಂಡದ್ದರಿಂದ ಏನೂ ಕೆಡುವುದಿಲ್ಲ. ಗೊಜ್ಜು ಹೊರಗಿದ್ದದ್ದು ಒಳಗೆ ಹೋಯಿತು, ಒಟ್ಟು ತೂಕ ಅಷ್ಟೇ. ಕೆಡುವುದು ಹಾಲು ಹಾಕಿದಾಗ. ಅದಕ್ಕೆ ರಾತ್ರಿಯೇ, ಏನೂ ಬೆರೆಸುವ ಮೊದಲು, ನಾಳೆಯ ಪಾಲನ್ನು ತೂಗಿ ಡಬ್ಬಿಗೆ ಹಾಕಿ ಲೆಕ್ಕ ಬರೆದುಬಿಡಿ. ಬೆಳಗ್ಗೆ ಆ ಡಬ್ಬಿಗೆ ಹಾಕಿದ ಹಾಲನ್ನು ಮಾತ್ರ ಸೇರಿಸಿ. ಟೋನ್ಡ್ ಹಾಲು 50 ಎಂಎಲ್ ಅಂದರೆ ಸುಮಾರು 30 ಕ್ಯಾಲರಿ. ಬಿಸಿ ಮಾಡಿದ ಮೇಲೆ ತಿರುಗಿ ತೂಗುವ ಗೋಜಿಗೇ ಹೋಗಬೇಡಿ.

ವಿಡಿಯೊದವರು ಹೇಳಿದ್ದರಲ್ಲಿ ಒಂದು ಎಳೆ ನಿಜ ಇದೆ. ತಣ್ಣಗಾದಾಗ ಪಿಷ್ಟದ ಒಂದು ಸಣ್ಣ ಭಾಗ ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಆದರೆ ಲೆಕ್ಕದಿಂದ ಕಳೆಯುವಷ್ಟು ದೊಡ್ಡದಲ್ಲ. ಪೂರ್ತಿ ಬರೆದುಕೊಳ್ಳಿ.


ಹಾವೇರಿ ಕಾಕಾ:

ತಂಗಿ, ಮೊಮ್ಮಗಳ ಹತ್ತಿರ ಹೇಳಿ ನಮ್ಮ ಬಟ್ಟಲಿನ ಪೆನ್ನೆ ತೂಗಿಸಿದೆ. 95 ಗ್ರಾಂ ಬಂತು. ಇಟಲಿಯವರಿಗೇ 80 ಸಾಕಂತೆ, ನಾನು 95 ಹೊಡೆಯುತ್ತಿದ್ದೆ. ಪದ್ದಕ್ಕ ಮುಚ್ಚಳದ ಮೇಲೆ ಬರೆಯಲು ಹೇಳಿದ್ದರು, ನಾನು ಬಟ್ಟಲಿಗೇ ಪೆನ್ನಿನಿಂದ ಗೆರೆ ಎಳೆದಿದ್ದೇನೆ, 70ಕ್ಕೆ. ಮ್ಯಾಕರೋನಿ ತಂದಾಗ ಇನ್ನೊಂದು ಗೆರೆ.